ಸ್ಟೀರಾಯ್ಡ್ ಔಷಧಿಯೋ ವಿಷವೋ? ಎಷ್ಟನೇ ದಿನ ಅಂತ ಮೊದಲು ಹೇಳಿ

ಪ್ರಶ್ನೆ: 2021ರ ಮೇ ತಿಂಗಳಲ್ಲಿ ನಮ್ಮ ಮನೆಯ ನಾಲ್ಕೂ ಜನಕ್ಕೆ ಕೊರೊನಾ ಬಂದಿತ್ತು. ಅಪ್ಪನಿಗೆ ಆಗಲೇ ಸಕ್ಕರೆ ಕಾಯಿಲೆ ಇತ್ತು. ಯಾರೋ ವಾಟ್ಸಾಪಿನಲ್ಲಿ ಕಳಿಸಿದ ಔಷಧಿ ಚೀಟಿ ನೋಡಿ, ಜ್ವರ ಬಂದ ಎರಡನೇ ದಿನವೇ ಅವರಿಗೆ ಸ್ಟೀರಾಯ್ಡ್ ಮಾತ್ರೆ ಶುರು ಮಾಡಿದೆವು. ಸಕ್ಕರೆ 400 ದಾಟಿತು, ಆಸ್ಪತ್ರೆ ಸೇರಬೇಕಾಯಿತು. ಹೇಗೋ ಉಳಿದುಕೊಂಡರು. ನಮ್ಮದೇ ಬೀದಿಯ ಇನ್ನೊಬ್ಬರಿಗೆ ಅದೇ ಸ್ಟೀರಾಯ್ಡ್ ಜೀವ ಉಳಿಸಿತು ಅಂತ ಅವರ ಮನೆಯವರು ಹೇಳುತ್ತಾರೆ. ಹಾಗಾದರೆ ಅದು ಔಷಧಿಯೋ ವಿಷವೋ? ಇಷ್ಟು ವರ್ಷವಾದ ಮೇಲಾದರೂ ಈ ವೈರಸ್ಸಿಗೆ ನಿಜವಾದ ಔಷಧಿ ಸಿಕ್ಕಿದೆಯಾ? ಒಂದೇ ಮನೆಯಲ್ಲಿ ಅಪ್ಪನಿಗೆ ಅಷ್ಟು ಜೋರಾಗಿ, ನನಗೆ ಬರೀ ನೆಗಡಿಯಾಗಿ ಹೋಗಿದ್ದು ಯಾಕೆ?
– ಒಬ್ಬ ಓದುಗರು, ಹಾಸನ

ಉತ್ತರ: ನಿಮ್ಮ ಬೀದಿಯವರು ಹೇಳಿದ್ದೂ ನಿಜ, ನಿಮ್ಮ ಮನೆಯಲ್ಲಿ ಆಗಿದ್ದೂ ನಿಜ. ಮಾತ್ರೆ ಒಂದೇ, ಕೊಟ್ಟ ದಿನ ಬೇರೆ. ಈ ವೈರಸ್ಸಿನ ಬಗ್ಗೆ ವೈದ್ಯರು ಕಲಿತದ್ದರಲ್ಲಿ ಅತಿ ದೊಡ್ಡ ಪಾಠ ಯಾವುದು ಅಂತ ನನ್ನನ್ನು ಕೇಳಿದರೆ, ಯಾವುದೋ ಹೊಸ ಔಷಧಿಯ ಹೆಸರು ಹೇಳುವುದಿಲ್ಲ. ಕ್ಯಾಲೆಂಡರ್ ನೋಡುವುದನ್ನು ಕಲಿತೆವು ಅಂತಲೇ ಹೇಳುತ್ತೇನೆ.

ಕೋವಿಡ್ ಒಂದೇ ಕಾಯಿಲೆಯ ಹಾಗೆ ಕಂಡರೂ ಅದರೊಳಗೆ ಎರಡು ಕಾಯಿಲೆ ಇವೆ. ಮೊದಲ ಐದಾರು ದಿನ ವೈರಸ್ಸಿನದು. ಮೂಗು, ಗಂಟಲಿನ ಜೀವಕೋಶಗಳ ಮೇಲೆ ಎಸಿಇ-2 ಅನ್ನುವ ಒಂದು ಪ್ರೋಟೀನ್ ಇರುತ್ತದೆ. ವೈರಸ್ ತನ್ನ ಮೈಮೇಲಿನ ಮುಳ್ಳನ್ನು ಅದಕ್ಕೆ ಸಿಕ್ಕಿಸಿಕೊಂಡು ಒಳಗೆ ನುಗ್ಗುತ್ತದೆ. ಒಳಗೆ ಹೋಗಿ ತನ್ನ ನಕಲು ತೆಗೆಯುತ್ತಾ ಹೋಗುತ್ತದೆ. ಜ್ವರ, ಮೈಕೈ ನೋವು, ಗಂಟಲು ಕೆರೆತ ಎಲ್ಲ ಈ ಹೊತ್ತಿನದು. ಹೆಚ್ಚಿನವರಿಗೆ ಕಾಯಿಲೆ ಇಲ್ಲಿಗೇ ಮುಗಿಯುತ್ತದೆ.

ಕೆಲವರಿಗೆ ಎರಡನೇ ವಾರದ ಹೊತ್ತಿಗೆ ಕಥೆ ಬದಲಾಗುತ್ತದೆ. ವೈರಸ್ ಇಳಿಯುತ್ತಾ ಇರುತ್ತದೆ. ಆದರೆ ಅದನ್ನು ಓಡಿಸಲು ಹೊರಟ ನಮ್ಮದೇ ರಕ್ಷಣಾ ಪಡೆ ನಿಲ್ಲುವುದಿಲ್ಲ. ಇಲಿಯ ಮೇಲಿನ ಸಿಟ್ಟಿಗೆ ಮನೆಗೇ ಬೆಂಕಿ ಇಟ್ಟರಂತೆ ಅನ್ನುತ್ತೇವಲ್ಲ, ಥೇಟ್ ಹಾಗೆ. ಶ್ವಾಸಕೋಶದ ಗಾಳಿಗೂಡುಗಳು ಉರಿಯೂತದಿಂದ ಬಾತು, ನೀರು ತುಂಬಿಕೊಳ್ಳುತ್ತವೆ. ಸ್ಯಾಚುರೇಶನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ, ಇಳಿಯುತ್ತದೆ. ಆ ಹೊತ್ತಿನಲ್ಲಿ ರೋಗಿಯನ್ನು ಕೊಲ್ಲುವುದು ವೈರಸ್ಸಿಗಿಂತ ಜಾಸ್ತಿ ಈ ಬೆಂಕಿಯೇ.

ಸ್ಟೀರಾಯ್ಡ್ ಮಾಡುವ ಕೆಲಸ ಆ ಪಡೆಯ ಕೈ ಕಟ್ಟುವುದು. ಬೆಂಕಿ ಬಿದ್ದಾಗ ಕೈ ಕಟ್ಟಿದರೆ ಮನೆ ಉಳಿಯುತ್ತದೆ. ಎರಡನೇ ದಿನ, ಕಳ್ಳ ಇನ್ನೂ ಒಳಗೆ ಓಡಾಡುತ್ತಿರುವಾಗ ಕಾವಲುಗಾರನ ಕೈ ಕಟ್ಟಿದರೆ? ನಿಮ್ಮ ತಂದೆಯವರಿಗೆ ಆಗಿದ್ದು ಅದು. ಜೊತೆಗೆ ಸ್ಟೀರಾಯ್ಡ್ ಸಕ್ಕರೆ ಏರಿಸುತ್ತದೆ. ಮೊದಲೇ ಸಕ್ಕರೆ ಇದ್ದವರಿಗೆ ಕೇಳಲೇಬೇಡಿ.

ಇದನ್ನು ಈಗ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ. 2020ರ ಏಪ್ರಿಲ್‌ನಲ್ಲಿ ನನಗೂ ಗೊತ್ತಿರಲಿಲ್ಲ. ಆಗ ನಾನು ಒಂದು ಜಿಲ್ಲಾ ಕೇಂದ್ರದ ಕೋವಿಡ್ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದೆ. ಸ್ಟೀರಾಯ್ಡ್ ಕೊಡಬೇಕೋ ಬೇಡವೋ ಅಂತ ವೈದ್ಯರಲ್ಲೇ ಜಗಳ ಆಗುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ ಮೊದಮೊದಲು ಸುಮ್ನೆ ಎಲ್ಲರಿಗೂ ಕೊಡಬೇಡಿ ಅಂದಿತ್ತು. ಮಲೇರಿಯಾಕ್ಕೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರ ಧಾರಾಳವಾಗಿ ಬರೆಯುತ್ತಿದ್ದೆವು. ನಾನೂ ಬರೆದಿದ್ದೇನೆ. ಏನೂ ಮಾಡದೆ ಕೈಕಟ್ಟಿ ನಿಲ್ಲುವುದು ವೈದ್ಯರಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ.

ಈ ಜಗಳ ಬಗೆಹರಿದಿದ್ದು ಇಂಗ್ಲೆಂಡಿನಲ್ಲಿ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪೀಟರ್ ಹಾರ್ಬಿ ಮತ್ತು ಮಾರ್ಟಿನ್ ಲ್ಯಾಂಡ್ರೆ 2020ರ ಮಾರ್ಚ್‌ನಲ್ಲಿ ರಿಕವರಿ ಅನ್ನುವ ಪ್ರಯೋಗ ಶುರು ಮಾಡಿದರು. ಅದರ ಉಪಾಯ ಬಹಳ ಸರಳ. ಆಸ್ಪತ್ರೆಗೆ ಬಂದ ರೋಗಿ ಒಪ್ಪಿದರೆ, ಯಾವ ಔಷಧಿ ಕೊಡಬೇಕು ಅಂತ ಕಂಪ್ಯೂಟರ್ ಚೀಟಿ ಎತ್ತುತ್ತದೆ. ವೈದ್ಯರ ಇಷ್ಟಾನಿಷ್ಟಕ್ಕೆ ಅಲ್ಲಿ ಜಾಗವಿಲ್ಲ. ಕೆಲಸ ಮುಗಿದು ಸುಸ್ತಾದ ವೈದ್ಯರೂ ತುಂಬಬಹುದಾದಷ್ಟು ಚಿಕ್ಕ ಫಾರಂ. ಹಾಗಾಗಿ ದೇಶದ ಆಸ್ಪತ್ರೆಗಳೆಲ್ಲ ಸೇರಿಕೊಂಡವು, ಮೂರೇ ತಿಂಗಳಲ್ಲಿ ಉತ್ತರ ಬಂತು.

2020ರ ಜೂನ್ 16ರಂದು ಫಲಿತಾಂಶ ಹೇಳಿದರು. ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್, ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ. ವೆಂಟಿಲೇಟರ್ ಮೇಲಿದ್ದವರಲ್ಲಿ ಮಾಮೂಲಿ ಚಿಕಿತ್ಸೆ ಪಡೆದ ನೂರಕ್ಕೆ 41 ಮಂದಿ ತೀರಿಕೊಂಡಿದ್ದರು, ಈ ಔಷಧಿ ಪಡೆದವರಲ್ಲಿ 29. ಬರೀ ಆಕ್ಸಿಜನ್ ಮೇಲಿದ್ದವರಲ್ಲಿ ಸಾವು 26ರಿಂದ 23ಕ್ಕೆ ಇಳಿದಿತ್ತು. ಮೂರನೇ ಗುಂಪಿನ ಲೆಕ್ಕ ಇದೆಯಲ್ಲ, ಅದನ್ನು ನಮ್ಮಲ್ಲಿ ಯಾರೂ ಸರಿಯಾಗಿ ಓದಲಿಲ್ಲ. ಆಕ್ಸಿಜನ್ ಬೇಕಿಲ್ಲದವರಿಗೆ ಲಾಭವೇ ಇರಲಿಲ್ಲ. ಔಷಧಿ ಪಡೆದವರಲ್ಲಿ ನೂರಕ್ಕೆ 18ರಷ್ಟು, ಪಡೆಯದವರಲ್ಲಿ 14 ಸಾವು. ಈ ವ್ಯತ್ಯಾಸ ಆಕಸ್ಮಿಕವೂ ಇರಬಹುದು, ಆದರೆ ಎಚ್ಚರಿಕೆಗೆ ಅಷ್ಟು ಸಾಕು. ಕಾಯಿಲೆ ಶುರುವಾಗಿ ಏಳು ದಿನ ದಾಟಿದವರಲ್ಲಿ ಲಾಭ ಎದ್ದು ಕಂಡಿತು. ನೋಡಿ, ಮತ್ತೆ ಕ್ಯಾಲೆಂಡರ್.

ಡೆಕ್ಸಾಮೆಥಾಸೋನ್ 1950ರ ದಶಕದ ಔಷಧಿ. ತಾಲ್ಲೂಕು ಆಸ್ಪತ್ರೆಯಲ್ಲೂ ಸಿಗುತ್ತದೆ, ಬೆಲೆ ಕೆಲವೇ ರೂಪಾಯಿ. ಜಗತ್ತಿಗೇ ಬಂದ ಕಾಯಿಲೆಯಲ್ಲಿ ಸಾವು ತಗ್ಗಿಸಿದ್ದು ಖಚಿತವಾದ ಮೊದಲ ಔಷಧಿ ಇಷ್ಟು ಅಗ್ಗದ್ದಾಗಿತ್ತು ಅನ್ನುವುದು ನನಗೆ ಈಗಲೂ ಖುಷಿ ಕೊಡುತ್ತದೆ. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯವೂ ಅದೇ ಜೂನ್ ಕೊನೆಯಲ್ಲಿ ಇದನ್ನು ಚಿಕಿತ್ಸಾ ಕ್ರಮಕ್ಕೆ ಸೇರಿಸಿತು.

ಹೀಗೆ 2021ರ ಎರಡನೇ ಅಲೆಗೆ ಮುಂಚೆಯೇ ಉತ್ತರ ನಮ್ಮ ಕೈಯಲ್ಲಿತ್ತು. ಆದರೂ ಏನಾಯಿತು ಅಂತ ನಿಮಗೇ ಗೊತ್ತು. ಹಾಸಿಗೆ ಇಲ್ಲ, ವೈದ್ಯರು ಸಿಗುವುದಿಲ್ಲ. ಯಾರಿಗೋ ಬರೆದ ಚೀಟಿ ಊರೆಲ್ಲ ಸುತ್ತಿತು. ಮೊದಲ ದಿನದಿಂದಲೇ ಸ್ಟೀರಾಯ್ಡ್, ಅದೂ ಹೇಳಿದ್ದಕ್ಕಿಂತ ಜಾಸ್ತಿ, ಜಾಸ್ತಿ ದಿನ. ಅದರ ಹಿಂದೆಯೇ ಬ್ಲ್ಯಾಕ್ ಫಂಗಸ್ ಬಂತು. ಆ ಬೂಷ್ಟು ಗಾಳಿ, ಮಣ್ಣಿನಲ್ಲಿ ಎಲ್ಲ ಕಡೆ ಇರುವಂಥದ್ದೇ. ಸಕ್ಕರೆ ಮಿತಿಮೀರಿದ, ಸ್ಟೀರಾಯ್ಡಿನಿಂದ ಕಾವಲು ಸಡಿಲವಾದ ದೇಹ ಸಿಕ್ಕಿದರೆ ಮೂಗಿನಿಂದ ಕಣ್ಣಿಗೆ, ಕಣ್ಣಿನಿಂದ ಮೆದುಳಿಗೆ ಏರುತ್ತದೆ. 2021ರ ಜೂನ್ ಕೊನೆಗೆ ದೇಶದಲ್ಲಿ 40 ಸಾವಿರಕ್ಕೂ ಹೆಚ್ಚು ಮಂದಿಗೆ ಬಂದಿತ್ತು. ಒಂದು ಕಣ್ಣು ಕಳೆದುಕೊಂಡು ಮನೆಗೆ ಹೋದವರನ್ನು ನಾನು ನೋಡಿದ್ದೇನೆ. ನಿಮ್ಮ ತಂದೆಯವರು ಅದರಿಂದ ಪಾರಾದರು. ಈಗ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಆ ಮೇ ತಿಂಗಳಲ್ಲಿ ವೈದ್ಯರೂ ಅದೇ ತಪ್ಪು ಮಾಡಿದ್ದಾರೆ.

ಇನ್ನು ವೈರಸ್ಸಿಗೇ ಹೊಡೆಯುವ ಔಷಧಿ ಸಿಕ್ಕಿದೆಯಾ ಅಂತ ಕೇಳಿದ್ದೀರಿ. ಸಿಕ್ಕಿದೆ. ಇಲ್ಲೂ ದಿನದ ಆಟವೇ, ಆದರೆ ತಿರುವುಮುರುವು.

ರೆಮ್‌ಡೆಸಿವಿರ್ ನೆನಪಿದೆಯಲ್ಲ? 2021ರ ಏಪ್ರಿಲ್ ತಿಂಗಳಲ್ಲಿ ಒಂದು ವಯಲ್‌ಗಾಗಿ ಜನ ಒಡವೆ ಅಡವಿಟ್ಟರು. ಉಸಿರಿಗೆ ಒದ್ದಾಡುತ್ತಿರುವವರಿಗೆ, ಹತ್ತನೇ ದಿನಕ್ಕೆ ಅದನ್ನು ಹಾಕಿಸಲು ಓಡಾಡಿದರು. ವೆಂಟಿಲೇಟರ್ ಹಂತಕ್ಕೆ ಹೋದವರಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಆ ಹೊತ್ತಿಗೆ ಹೊಡೆಯಲು ವೈರಸ್ಸೇ ಹೆಚ್ಚು ಉಳಿದಿರುವುದಿಲ್ಲವಲ್ಲ. ಆದರೆ ಅದೇ ವರ್ಷದ ಕೊನೆಗೆ ಬಂದ ಇನ್ನೊಂದು ಪ್ರಯೋಗದಲ್ಲಿ ಅದೇ ಔಷಧಿಯನ್ನು ಬೇರೆ ರೀತಿ ಕೊಟ್ಟರು. ಲಸಿಕೆ ಹಾಕಿಸಿಕೊಳ್ಳದ, ಅಪಾಯ ಹೆಚ್ಚಿರುವ ರೋಗಿಗಳು. ಆಸ್ಪತ್ರೆ ಸೇರುವ ಮೊದಲೇ, ಕಾಯಿಲೆಯ ಮೊದಲ ವಾರದೊಳಗೆ, ಮೂರೇ ದಿನ. ಆಸ್ಪತ್ರೆ ಸೇರುವ ಅಪಾಯ 87% ಇಳಿಯಿತು. ಹತ್ತನೇ ದಿನಕ್ಕೆ ನೀರಿನಂತೆ ಹಣ ಚೆಲ್ಲಿದ ಔಷಧಿ ಮೂರನೇ ದಿನಕ್ಕೆ ರಾಮಬಾಣ.

ಆಮೇಲೆ ಬಂದದ್ದು ಪ್ಯಾಕ್ಸ್‌ಲೋವಿಡ್. ಇದು ಮಾತ್ರೆ, ಡ್ರಿಪ್ ಬೇಕಿಲ್ಲ. ಇದರ ಕೆಲಸ ನನಗೆ ಬಹಳ ಇಷ್ಟ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ವೈರಸ್ ತನಗೆ ಬೇಕಾದ ಪ್ರೋಟೀನುಗಳನ್ನು ಒಂದೊಂದಾಗಿ ತಯಾರಿಸುವುದಿಲ್ಲ, ಉದ್ದಕ್ಕೆ ಒಂದೇ ಹಗ್ಗದ ಹಾಗೆ ನೇಯ್ದುಬಿಡುತ್ತದೆ. ಆಮೇಲೆ ಅದನ್ನು ತುಂಡು ತುಂಡು ಮಾಡಲು ಅದರದ್ದೇ ಒಂದು ಕತ್ತರಿ ಇದೆ. ನಿರ್ಮಾಟ್ರೆಲ್ವಿರ್ ಅನ್ನುವ ಔಷಧಿ ಆ ಕತ್ತರಿಯ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಹಗ್ಗ ಹಾಗೇ ಉಳಿಯುತ್ತದೆ, ಹೊಸ ವೈರಸ್ ಹುಟ್ಟುವುದಿಲ್ಲ. ತೊಂದರೆ ಏನೆಂದರೆ ನಮ್ಮ ಲಿವರ್ ಈ ಔಷಧಿಯನ್ನು ಬೇಗ ಒಡೆದು ಹಾಕುತ್ತದೆ. ಅದಕ್ಕೆ ಜೊತೆಯಲ್ಲಿ ರಿಟೋನಾವಿರ್ ಕೊಡುತ್ತಾರೆ, ಲಿವರ್‌ನ ಆ ಕೆಲಸಕ್ಕೆ ತಡೆ ಹಾಕಲು. ಇದು ಎಚ್‌ಐವಿ ಚಿಕಿತ್ಸೆಯಿಂದ ಎರವಲು ಬಂದ ಉಪಾಯ.

ಕಾಯಿಲೆ ಶುರುವಾಗಿ ಮೂರು ದಿನದೊಳಗೆ ಕೊಟ್ಟಾಗ, ಲಸಿಕೆ ಇಲ್ಲದ ಅಪಾಯದ ಗುಂಪಿನಲ್ಲಿ ಆಸ್ಪತ್ರೆ ಸೇರುವುದು ಅಥವಾ ಸಾಯುವುದು 89% ಕಡಿಮೆಯಾಯಿತು. ಐದು ದಿನ ದಾಟಿದ ಮೇಲೆ ಶುರು ಮಾಡುವುದಿಲ್ಲ. ಹೈದರಾಬಾದಿನ ಹೆಟೆರೊ ಕಂಪನಿ ಇದರ ಜೆನೆರಿಕ್ ತಯಾರಿಸಿದೆ, ಅದಕ್ಕೆ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆಯೂ ಸಿಕ್ಕಿತು. ಹಾಗಂತ ಇದನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗಬೇಡಿ. ಆ ರಿಟೋನಾವಿರ್ ಲಿವರ್‌ನ ಕೈ ಹಿಡಿದುಕೊಂಡಿರುತ್ತದಲ್ಲ, ಆಗ ನೀವು ದಿನಾ ತೆಗೆದುಕೊಳ್ಳುವ ಕೊಲೆಸ್ಟರಾಲ್ ಮಾತ್ರೆ, ರಕ್ತ ತೆಳು ಮಾಡುವ ಕೆಲವು ಮಾತ್ರೆಗಳು ಕೂಡ ಒಡೆಯದೆ ಮೈಯಲ್ಲಿ ಜಾಸ್ತಿಯಾಗಿಬಿಡುತ್ತವೆ. ನಿಮ್ಮ ತಂದೆಯವರ ವಯಸ್ಸಿನವರಿಗೆ ಇಂಥ ಮಾತ್ರೆ ಒಂದಾದರೂ ಇದ್ದೇ ಇರುತ್ತದೆ. ಇನ್ನೊಂದು ವಿಷಯ. ಲಸಿಕೆ ಹಾಕಿಸಿಕೊಂಡವರೂ ಇದ್ದ ಮುಂದಿನ ಪ್ರಯೋಗದಲ್ಲಿ ಇದರಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಈಗ ಇದು ತೀರಾ ವಯಸ್ಸಾದವರಿಗೆ, ಕಿಮೋಥೆರಪಿ ಪಡೆಯುವವರಿಗೆ, ಕಿಡ್ನಿ ಕಸಿಯಾದವರಂಥ ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಮುಖ್ಯವಾದ ಔಷಧಿ. ಕಿಡ್ನಿ ಕಸಿಯಾದವರಿಗಂತೂ ಅವರ ಬೇರೆ ಮಾತ್ರೆಗಳ ಜೊತೆ ಹೊಂದಿಸಿ ನೋಡದೆ ಕೊಡುವಂತೆಯೇ ಇಲ್ಲ.

ಕೆಲಸ ಮಾಡದ ಔಷಧಿಗಳ ಪಟ್ಟಿ ಉದ್ದ ಇದೆ, ಬೇಗ ಮುಗಿಸುತ್ತೇನೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಇಲ್ಲ. ಐವರ್‌ಮೆಕ್ಟಿನ್ ಇಲ್ಲ. ಅಜಿತ್ರೊಮೈಸಿನ್ ಇಲ್ಲ. ಪ್ಲಾಸ್ಮಾ, ಅಂದರೆ ಗುಣವಾದವರ ರಕ್ತದಿಂದ ತೆಗೆದ ದ್ರವ, ಅದರ ಬಗ್ಗೆ ಮಾತ್ರ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಅದರ ಸತ್ಯ ಕಂಡುಕೊಂಡವರು ನಾವೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಮ್ಮ ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಪ್ಲ್ಯಾಸಿಡ್ ಅನ್ನುವ ಪ್ರಯೋಗ ಮಾಡಿತು. ಆ ಗಲಾಟೆಯ ನಡುವೆ ಅಷ್ಟು ಶಿಸ್ತಿನಿಂದ ಮಾಡಿದ್ದು ಸಣ್ಣ ಕೆಲಸವಲ್ಲ. ಪ್ಲಾಸ್ಮಾದಿಂದ ಸಾವೂ ತಗ್ಗುವುದಿಲ್ಲ, ಕಾಯಿಲೆ ಬಿಗಡಾಯಿಸುವುದೂ ನಿಲ್ಲುವುದಿಲ್ಲ ಅಂತ 2020ರ ಅಕ್ಟೋಬರ್‌ನಲ್ಲೇ ಪ್ರಕಟವಾಯಿತು. ಚಿಕಿತ್ಸಾ ಪಟ್ಟಿಯಿಂದ ಅದನ್ನು ತೆಗೆದದ್ದು ಮಾತ್ರ 2021ರ ಮೇ ತಿಂಗಳಲ್ಲಿ! ನಡುವಿನ ಏಳು ತಿಂಗಳು ಎಷ್ಟು ಮನೆಯವರು ರಾತ್ರಿಯೆಲ್ಲ ಪ್ಲಾಸ್ಮಾ ಕೊಡುವವರಿಗಾಗಿ ಫೋನು ಮಾಡಿದರೋ. ಇದು ನನಗೆ ಇನ್ನೂ ಸಿಟ್ಟು ಬರಿಸುವ ವಿಷಯ.

ರಕ್ತ ಹೆಪ್ಪುಗಟ್ಟುವುದರಲ್ಲೂ ಯಾವ ಹಂತ ಅನ್ನುವುದೇ ಲೆಕ್ಕ. ಕೋವಿಡ್ ಶ್ವಾಸಕೋಶದ ಕಾಯಿಲೆಯಷ್ಟೇ ಅಲ್ಲ, ರಕ್ತನಾಳಗಳದ್ದೂ ಹೌದು ಅಂತ 2020ರಲ್ಲೇ ಗೊತ್ತಾಯಿತು. ಹಾಗಾದರೆ ಎಲ್ಲರಿಗೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಪೂರ್ತಿ ಡೋಸ್ ಕೊಡೋಣವೇ? ಪ್ರಯೋಗ ಮಾಡಿದರು. ವಾರ್ಡಿನಲ್ಲಿ, ಇನ್ನೂ ಐಸಿಯು ಹಂತಕ್ಕೆ ಹೋಗದವರಿಗೆ ಲಾಭವಾಯಿತು. ಐಸಿಯುನಲ್ಲಿದ್ದವರಿಗೆ ಆಗಲಿಲ್ಲ, ಆ ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. ಆಕ್ಸಿಜನ್ ಬೇಡಿಕೆ ಏರುತ್ತಾ, ಉರಿಯೂತ ಜೋರಾಗಿರುವವರಿಗೆ ಟೊಸಿಲಿಜುಮಾಬ್ ಅನ್ನುವ ಕೀಲುವಾತದ ಇಂಜೆಕ್ಷನ್ ಕೂಡ ಉಪಯೋಗಕ್ಕೆ ಬಂತು. ರಿಕವರಿ ಪ್ರಯೋಗದಲ್ಲೇ ಅದರಿಂದ ಸಾವು ನೂರಕ್ಕೆ 35ರಿಂದ 31ಕ್ಕೆ ಇಳಿಯಿತು.

ಒಂದು ಪೈಸೆ ಖರ್ಚಿಲ್ಲದ ಚಿಕಿತ್ಸೆಯೂ ಇದೆ, ಬೋರಲು ಮಲಗಿಸುವುದು. ನಮ್ಮ ಶ್ವಾಸಕೋಶದ ಹೆಚ್ಚಿನ ಭಾಗ ಬೆನ್ನಿನ ಕಡೆಗಿದೆ. ಅಂಗಾತ ಮಲಗಿದರೆ ಆ ಭಾಗ ಕೆಳಗೆ ಒತ್ತಿಹೋಗಿ ಗಾಳಿ ತುಂಬಿಕೊಳ್ಳುವುದಿಲ್ಲ. ಬೋರಲು ಮಾಡಿದರೆ ಬಿಚ್ಚಿಕೊಳ್ಳುತ್ತದೆ. ವೆಂಟಿಲೇಟರ್ ರೋಗಿಗಳಿಗೆ ಇದರಿಂದ ಲಾಭ ಅಂತ ಫ್ರಾನ್ಸಿನವರು 2013ರಲ್ಲೇ ತೋರಿಸಿದ್ದರು. ಎಚ್ಚರ ಇರುವ ರೋಗಿಗಳೂ ಹಾಗೆ ಮಲಗಿದರೆ ಗಂಟಲಿಗೆ ಕೊಳವೆ ಹಾಕುವ ಪ್ರಮೇಯ ಕಡಿಮೆಯಾಗುತ್ತದೆ ಅಂತ ಕೋವಿಡ್ ಹೊತ್ತಿನಲ್ಲಿ ಗೊತ್ತಾಯಿತು. ನಮ್ಮ ವಾರ್ಡಿನಲ್ಲಿ ಒಬ್ಬರು ಸಿಸ್ಟರ್ ಇದ್ದರು. ಪ್ರತಿ ಹಾಸಿಗೆಗೂ ಹೋಗಿ "ಅಜ್ಜಾ, ಬೋರಲು ತಿರುಗ್ರಿ, ಊಟ ಆಮೇಲೆ" ಅಂತ ಗದರಿಸುತ್ತಿದ್ದರು. ಮೀಟರಿನಲ್ಲಿ 86 ಇದ್ದದ್ದು ಅರ್ಧ ಗಂಟೆಗೆ 92 ಆಗುವುದನ್ನು ನೋಡುವುದು ಆ ದಿನಗಳ ದೊಡ್ಡ ಸಮಾಧಾನ.

ಈಗ ನಿಮ್ಮ ಕೊನೆಯ ಪ್ರಶ್ನೆ. ಅಪ್ಪನಿಗೆ ಹಾಗೆ, ನಿಮಗೆ ಹೀಗೆ ಯಾಕೆ? ಮೊದಲನೇ ಕಾರಣ ವಯಸ್ಸು. ಅದರ ಮುಂದೆ ಉಳಿದ ಕಾರಣವೆಲ್ಲ ಚಿಕ್ಕವು. ಅದರ ಮೇಲೆ ಸಕ್ಕರೆ, ಬಿಪಿ, ತೂಕ. ಆದರೆ ಗಟ್ಟಿಮುಟ್ಟಾಗಿದ್ದವರೂ ಹೋಗಿಬಿಟ್ಟರಲ್ಲ, ಅವರ ವಿಷಯ? ಇಲ್ಲಿ ಬಂದ ತಿಳಿವಳಿಕೆ ನಿಜಕ್ಕೂ ಅಚ್ಚರಿಯದ್ದು.

ವೈರಸ್ ಹೊಕ್ಕ ತಕ್ಷಣ ಜೀವಕೋಶಗಳು ಇಂಟರ್‌ಫೆರಾನ್ ಅನ್ನುವ ಪ್ರೋಟೀನ್ ಬಿಡುತ್ತವೆ. ಊರಿಗೆ ಕಳ್ಳ ಬಂದಾಗ ಡಂಗುರ ಹೊಡೆದ ಹಾಗೆ. ಅಕ್ಕಪಕ್ಕದ ಕೋಶಗಳು ಬಾಗಿಲು ಹಾಕಿಕೊಳ್ಳುತ್ತವೆ. ಫ್ರಾನ್ಸ್ ಮೂಲದ ವಿಜ್ಞಾನಿ ಜೀನ್-ಲಾರೆಂಟ್ ಕ್ಯಾಸನೋವಾ ತಂಡ 2020ರಲ್ಲಿ ತೀವ್ರ ಕೋವಿಡ್ ಆದ 987 ಜನರ ರಕ್ತ ಪರೀಕ್ಷಿಸಿತು. ಅವರಲ್ಲಿ 101 ಜನರ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನನ್ನು ಹಿಡಿದು ಸುಮ್ಮನಾಗಿಸುವ ಪ್ರತಿಕಾಯಗಳು (ಆಂಟಿಬಾಡಿಗಳು) ಇದ್ದವು. ಡಂಗುರ ಹೊಡೆಯುವವನ ಬಾಯಿಗೇ ಬಟ್ಟೆ ತುರುಕಿದಂತೆ! ಆ 101 ಜನರಲ್ಲಿ 95 ಮಂದಿ ಗಂಡಸರು. ಗಂಡಸರು ಯಾಕೆ ಜಾಸ್ತಿ ಸಾಯುತ್ತಾರೆ ಅನ್ನುವ ಒಗಟಿಗೆ ಒಂದು ಎಳೆ ಸಿಕ್ಕಿತು. ವಯಸ್ಸಾದಂತೆ ಈ ಪ್ರತಿಕಾಯ ಇರುವವರ ಸಂಖ್ಯೆಯೂ ಏರುತ್ತದೆ ಅಂತ ಮುಂದಿನ ವರ್ಷ ಗೊತ್ತಾಯಿತು. ಇವು ಕೋವಿಡ್ ಬರುವ ಮೊದಲೇ ರಕ್ತದಲ್ಲಿರುತ್ತವೆ, ಆದರೆ ಅಲ್ಲಿಯವರೆಗೆ ಇದ್ದದ್ದೇ ಗೊತ್ತಾಗಿರುವುದಿಲ್ಲ.

ಇನ್ನೊಂದು ನಮಗೆ ಹತ್ತಿರದ್ದು. ವಂಶವಾಹಿ ವಿಜ್ಞಾನಿಗಳಾದ ಸ್ವಾಂಟೆ ಪಾಬೋ ಮತ್ತು ಹ್ಯೂಗೋ ಝೆಬರ್ಗ್ 2020ರಲ್ಲಿ ತೋರಿಸಿದ್ದು. ಮೂರನೇ ವರ್ಣತಂತುವಿನ ಒಂದು ತುಂಡು ಕೋವಿಡ್ ತೀವ್ರವಾಗುವ ಅಪಾಯ ಹೆಚ್ಚಿಸುತ್ತದೆ. ಆ ತುಂಡು ಬಂದಿರುವುದು ಎಂದೋ ಅಳಿದುಹೋದ ನಿಯಾಂಡರ್ತಾಲ್ ಮಾನವರಿಂದ. ದಕ್ಷಿಣ ಏಷ್ಯಾದ ಸುಮಾರು ಅರ್ಧದಷ್ಟು ಜನರಲ್ಲಿ ಅದು ಇದೆ, ಯುರೋಪಿನವರಲ್ಲಿ ಸುಮಾರು 16%. ಹಾಗಂತ ಹಣೆಬರಹ ಅಂತ ತಿಳಿಯಬೇಡಿ. ನಿಮ್ಮಲ್ಲಿಯೂ ಅದು ಇರಬಹುದು, ನಿಮಗೆ ಬರೀ ನೆಗಡಿ ಬಂತು.

ಈಗ ಯಾಕೆ ಭಯ ಕಡಿಮೆ ಅಂದರೆ ಎರಡು ಕಾರಣ. ಒಮಿಕ್ರಾನ್ ಬಂದ ಮೇಲೆ ವೈರಸ್ಸಿನ ಜಾಗ ಬದಲಾಯಿತು. ದೇಶದಲ್ಲಿ ಅದರ ಮೊದಲ ಎರಡು ಪ್ರಕರಣ ಪತ್ತೆಯಾದದ್ದು ನಮ್ಮ ಬೆಂಗಳೂರಿನಲ್ಲೇ, 2021ರ ಡಿಸೆಂಬರ್ 2ರಂದು. ಅದು ದೊಡ್ಡ ಉಸಿರುನಾಳಗಳಲ್ಲಿ ಬಹಳ ಬೇಗ ಬೆಳೆಯುತ್ತದೆ, ಶ್ವಾಸಕೋಶದ ಆಳದಲ್ಲಿ ಮೊದಲಿನವಕ್ಕಿಂತ ನಿಧಾನ ಅಂತ ಹಾಂಗ್‌ಕಾಂಗ್ ವಿಜ್ಞಾನಿಗಳು ತೋರಿಸಿದರು. ಎರಡನೆಯದು ನಮ್ಮ ರಕ್ಷಣಾ ಪಡೆಯ ನೆನಪು. ಲಸಿಕೆಯಿಂದಲೋ ಕಾಯಿಲೆಯಿಂದಲೋ ಬಂದ ಪ್ರತಿಕಾಯ ಕೆಲವು ತಿಂಗಳಲ್ಲಿ ಇಳಿಯುತ್ತದೆ, ಹಾಗಾಗಿ ಮತ್ತೆ ಸೋಂಕು ಬರುತ್ತದೆ. ಅದೇ ಪಡೆಯ ಬಿಳಿ ರಕ್ತಕಣಗಳಾದ ಟಿ ಕೋಶಗಳ ನೆನಪು ಬೇರೆ ಜಾತಿಯದು. 2003ರಲ್ಲಿ ಸಾರ್ಸ್ ಬಂದು ಗುಣವಾದವರನ್ನು ಸಿಂಗಾಪುರದ ವಿಜ್ಞಾನಿಗಳು 17 ವರ್ಷದ ನಂತರ ಪರೀಕ್ಷಿಸಿದಾಗ ಅವರ ಟಿ ಕೋಶಗಳು ಆ ವೈರಸ್ಸನ್ನು ಇನ್ನೂ ಗುರುತಿಸುತ್ತಿದ್ದವು.

ಕೋವಿಡ್ ಹೋದ ಮೇಲೂ ತಿಂಗಳುಗಟ್ಟಲೆ ಉಳಿಯುವ ಸುಸ್ತಿಗೆ, ಮಂಕು ಕವಿದಂತಾಗುವ ತಲೆಗೆ ಮಾತ್ರ ಇನ್ನೂ ಪಕ್ಕಾ ಔಷಧಿ ಇಲ್ಲ. ಒಂದು ಸಣ್ಣ ಆಸೆ ಇದೆ. ತೂಕ ಹೆಚ್ಚಿರುವವರಿಗೆ ಕಾಯಿಲೆಯ ಮೊದಲ ದಿನಗಳಲ್ಲಿ ಮೆಟ್‌ಫಾರ್ಮಿನ್ ಕೊಟ್ಟಾಗ ಹತ್ತು ತಿಂಗಳಲ್ಲಿ ಈ ತೊಂದರೆ ಕಂಡವರು ನೂರಕ್ಕೆ 10ರ ಬದಲು 6. ನಮ್ಮ ಸಕ್ಕರೆ ರೋಗಿಗಳು ದಿನಾ ನುಂಗುವ ಅದೇ ಅಗ್ಗದ ಮಾತ್ರೆ. ಅದನ್ನು ಮೊದಲ ದಿನಗಳಲ್ಲಿ ಶುರು ಮಾಡಿದ್ದು ಅನ್ನುವುದನ್ನು ಗಮನಿಸಿದಿರಿ ತಾನೆ?

ಮುಂದೆ ಮನೆಯಲ್ಲಿ ಮತ್ತೆ ಜ್ವರ ಬಂದರೆ ಮೊದಲು ಜ್ವರ ಶುರುವಾದ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ವೈದ್ಯರಿಗೆ ಫೋನು ಮಾಡಿದಾಗ "ಇವತ್ತಿಗೆ ನಾಲ್ಕನೇ ದಿನ" ಅಂತ ಹೇಳಿದರೆ ಅವರ ಅರ್ಧ ಕೆಲಸ ಹಗುರ. ನಿಮ್ಮ ತಂದೆಯವರಿಗೆ ಪರೀಕ್ಷೆ ಮೊದಲ ಎರಡು ದಿನದಲ್ಲೇ ಆಗಲಿ, ವೈರಸ್ ಔಷಧಿ ಬೇಕೋ ಬೇಡವೋ ಅಂತ ನಿರ್ಧರಿಸಲು ಸಮಯ ಸಿಗುತ್ತದೆ. ಆರರಿಂದ ಹತ್ತನೇ ದಿನದವರೆಗೆ ಆಕ್ಸಿಮೀಟರ್ ಬೆರಳಿಗೆ ಹಾಕಿ ನೋಡುತ್ತಿರಿ. ಕೂತಾಗ ಸರಿ ಇದ್ದರೂ, ಸುಸ್ತಿಲ್ಲದಿದ್ದರೆ ಮನೆಯೊಳಗೇ ಆರು ನಿಮಿಷ ನಡೆಸಿ ಮತ್ತೆ ನೋಡಿ. 94ಕ್ಕಿಂತ ಕೆಳಗೆ ಇಳಿದರೆ ಕಾಯದೆ ಆಸ್ಪತ್ರೆಗೆ ಹೋಗಿ, ಸ್ಟೀರಾಯ್ಡಿನ ಮಾತು ಬರುವುದು ಅಲ್ಲಿ. ಅಸ್ತಮಾಕ್ಕೋ ಕೀಲುವಾತಕ್ಕೋ ಮೊದಲಿನಿಂದ ಸ್ಟೀರಾಯ್ಡ್ ತೆಗೆದುಕೊಳ್ಳುವವರ ಲೆಕ್ಕ ಬೇರೆ, ಅವರು ಅದನ್ನು ತಟ್ಟನೆ ನಿಲ್ಲಿಸಬಾರದು.

ಮತ್ತೆ, ಆಗ ತಂದ ಮಾತ್ರೆಯಲ್ಲಿ ಅರ್ಧ ಸ್ಟ್ರಿಪ್ಪು ನಿಮ್ಮ ಮನೆಯ ಔಷಧಿ ಡಬ್ಬಿಯಲ್ಲಿ ಇನ್ನೂ ಉಳಿದಿರಬಹುದು, ಒಮ್ಮೆ ಹುಡುಕಿ ತೆಗೆದುಬಿಡಿ. ಆ ಚೀಟಿಯ ಫೋಟೋ ಫೋನಿನಲ್ಲಿದ್ದರೆ ಅದನ್ನೂ ಅಳಿಸಿ.